ಎರಡು ಯುದ್ಧ, ಒಂದು ತಿದ್ದುಪಡಿ

ಸ್ಕೆಚ್ ಪೆನ್ನಿನ ಮುಚ್ಚಳ ತೆಗೆದಾಗ ಮೂಗಿಗೆ ಏರುವ ವಾಸನೆ ನಿಮಗೂ ಪರಿಚಯವಿರುತ್ತದೆ. ಕಳೆದ ಬುಧವಾರ ಸಂಜೆ ಅದು ನಮ್ಮ ಊಟದ ಮೇಜಿನಿಂದ ಹೊರಟು ಮನೆಯನ್ನೆಲ್ಲ ತುಂಬಿಕೊಂಡಿತ್ತು. ಹತ್ತನೇ ತರಗತಿಯ ಮಗಳು ಬಿಳಿ ಚಾರ್ಟ್ ಹಾಳೆ ಹರಡಿ, ಅದರ ನಡುವೆ ಕೆಂಪು ಗೆರೆ ಎಳೆದು, ಎಡಗಡೆ 1991 ಎಂದೂ ಬಲಗಡೆ 2003 ಎಂದೂ ಬರೆದಿದ್ದಳು. ಶಾಲೆಯಲ್ಲಿ ಕೊಟ್ಟ ಕೆಲಸ: ಒಂದೇ ದೇಶ ನಡೆಸಿದ, ವಿವಾದಕ್ಕೊಳಗಾದ ಎರಡು ಯುದ್ಧಗಳನ್ನು ಹೋಲಿಸಿ. ದೇಶ ಅಮೆರಿಕ, ಎದುರಾಳಿ ಎರಡು ಸಲವೂ ಇರಾಕ್. ನಾವು ಕುವೈತಿನಲ್ಲಿ ಇರುವವರು. ಮೊದಲ ಯುದ್ಧ ನಡೆದದ್ದು ಈ ನೆಲವನ್ನು ಬಿಡಿಸಲಿಕ್ಕೆ, ಎರಡನೆಯದು ಹೊರಟದ್ದು ಈ ನೆಲದಿಂದ. ಬೇರೆ ಊರಿನ ಮಕ್ಕಳಿಗೆ ಇದು ಪಾಠ. ಇಲ್ಲಿಯ ಮಕ್ಕಳಿಗೆ ದಿನಾ ಶಾಲೆಯ ಬಸ್ಸು ಹೋಗುವ ರಸ್ತೆ.

ಕಾರಣ, ವಿಶ್ವಸಂಸ್ಥೆಯ ಒಪ್ಪಿಗೆ, ಜೊತೆಗೆ ಬಂದ ದೇಶಗಳು, ಕೊನೆಗೆ ಆದದ್ದು, ಹೀಗೆ ಸಾಲುಗಳನ್ನೆಲ್ಲ ತುಂಬಿಸಿದ್ದಳು. ನಾನು ಓದಿದೆ. ಕೇಳದೆಯೇ ಎರಡು ಕಡೆ ಅಲ್ಪವಿರಾಮ ಹಾಕಿದೆ. ಅವಳ ಮುಖ ಗಂಟಾಯಿತು. ಕೊನೆಯ ಸಾಲು ಮಾತ್ರ ಖಾಲಿ ಇತ್ತು, ಅಲ್ಲಿ ಒಂದೊಂದು ಚಿತ್ರ ಅಂಟಿಸಬೇಕಂತೆ. ಟ್ಯಾಬ್ಲೆಟ್ಟಿನಲ್ಲಿ ಎಲ್ಲಿಂದಲೋ ಎರಡು ಚಿತ್ರ ಇಳಿಸಿಕೊಂಡಿದ್ದಳು. ಎರಡರಲ್ಲೂ ಹೊತ್ತಿ ಉರಿಯುವ ಎಣ್ಣೆ ಬಾವಿ.

"ಪಪ್ಪಾ, ವಿಚ್ ಒನ್ ಈಸ್ ವಿಚ್?" ಎಂದು ಕೇಳಿದಳು. ಕನ್ನಡ, ಕೊಂಕಣಿ ಎರಡೂ ಅವಳಿಗೆ ಅರ್ಥವಾಗುತ್ತವೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ನಾನು ಕನ್ನಡಕ ತೆಗೆದು ಒರೆಸಿದೆ, ಮತ್ತೆ ಹಾಕಿಕೊಂಡೆ, ನಾಳೆ ಹೇಳುತ್ತೇನೆ ಎಂದೆ.

"ಯೂ ವರ್ಕ್ ಇನ್ ಎ ನ್ಯೂಸ್‌ಪೇಪರ್, ನೋ?"

ಹೌದು, ಪತ್ರಿಕೆಯಲ್ಲೇ ಕೆಲಸ. ಸುಮಾರು ಮೂವತ್ತು ವರ್ಷದಿಂದ ಇಲ್ಲಿಯ ಒಂದು ಇಂಗ್ಲಿಷ್ ದೈನಿಕದ ಡೆಸ್ಕಿನಲ್ಲಿ ಕುಳಿತಿದ್ದೇನೆ. ನನ್ನ ಹೆಸರಿನ ಕೆಳಗೆ ಒಂದು ವರದಿಯೂ ಅಚ್ಚಾಗಿಲ್ಲ. ಬೇರೆಯವರು ಬರೆದದ್ದರ ಇಸವಿ, ಹೆಸರು, ಅಂಕಿ ಸರಿಯಿದೆಯೇ ನೋಡುವುದು, ಚಿತ್ರಗಳಿಗೆ ಅಡಿಬರಹ ಕೊಡುವುದು ನನ್ನ ಕೆಲಸ. ಜೊತೆಗೆ ಎರಡನೇ ಪುಟದ ಎಡಗಡೆ ಮೂಲೆಯ ಸಣ್ಣ ಚೌಕವೂ ನನ್ನದೇ. ಅದರ ತಲೆಬರಹ 'ತಿದ್ದುಪಡಿ'. ತಪ್ಪು ಗೊತ್ತಾದ ಮರುದಿನದ ಸಂಚಿಕೆಯಲ್ಲೇ ಅದನ್ನು ಒಪ್ಪಿಕೊಳ್ಳಬೇಕು ಎಂಬ ನಿಯಮ ಮಾಡಿಸಿದವನು ನಾನು. ಆ ನಿಯಮದ ಬಗ್ಗೆ ನನಗೆ ಹೆಮ್ಮೆಯಿತ್ತು. ಈಗಲೂ ಇದೆ, ಆದರೆ ಇವತ್ತು ಅದರ ಬಗ್ಗೆ ನಿಮ್ಮೊಡನೆ ಸ್ವಲ್ಪ ಮಾತಾಡಬೇಕಾಗಿದೆ.

ಮೊದಲು ಮಗಳ ಚಾರ್ಟಿನ ಮಾತು ಮುಗಿಸುತ್ತೇನೆ. ಅವಳು ಬರೆದದ್ದು ಹೆಚ್ಚುಕಡಿಮೆ ಸರಿಯಾಗಿತ್ತು. ಮೊದಲ ಯುದ್ಧಕ್ಕೆ ಕಣ್ಣಿಗೆ ಕಾಣುವ ಕಾರಣವಿತ್ತು: ಒಂದು ದೇಶ ಇನ್ನೊಂದರ ಒಳಗೆ ಸೇನೆ ನುಗ್ಗಿಸಿ ಇದು ನನ್ನದು ಎಂದಿತ್ತು. ವಿಶ್ವಸಂಸ್ಥೆ ಒಪ್ಪಿತು, ಅರಬ್ ದೇಶಗಳೂ ಸೇರಿದವು, ಕುವೈತ್ ಬಿಡುಗಡೆಯಾದ ಮೇಲೆ ಸೇನೆ ನಿಂತಿತು. ವಿವಾದ ಅದಕ್ಕೂ ಇತ್ತು. ಜನರ ಮನಸ್ಸನ್ನು ಯುದ್ಧಕ್ಕೆ ತಿರುಗಿಸಲು ಅಮೆರಿಕದಲ್ಲಿ ಹೇಳಿದ ಒಂದು ಕಥೆ ಆಮೇಲೆ ಸುಳ್ಳೆಂದು ಬಯಲಾಯಿತು. ಉತ್ತರದ ಹೆದ್ದಾರಿಯಲ್ಲಿ ಹಿಮ್ಮೆಟ್ಟುತ್ತಿದ್ದ ಇರಾಕಿ ಸೈನಿಕರ ಮೇಲೆ ಬಾಂಬು ಸುರಿದದ್ದು ಸರಿಯೇ ಎಂಬ ಪ್ರಶ್ನೆ ಇವತ್ತಿಗೂ ಸತ್ತಿಲ್ಲ. ದಂಗೆ ಏಳಿ ಎಂದು ಇರಾಕಿನ ಜನರನ್ನು ಹುರಿದುಂಬಿಸಿ, ಎದ್ದ ಮೇಲೆ ಕೈಬಿಟ್ಟರು ಎಂಬ ಆರೋಪವೂ ಉಂಟು. ಎರಡನೆಯದಕ್ಕೆ ಹೇಳಿದ ಕಾರಣ ಭಯಂಕರ ಅಸ್ತ್ರಗಳು. ದೇಶ ಹಿಡಿದರು, ಅಸ್ತ್ರ ಸಿಗಲಿಲ್ಲ. ಸ್ನೇಹಿತ ದೇಶಗಳೇ ಎರಡು ಪಾಲಾದವು. ಗೆಲುವು ಬೇಗ ಬಂತು, ಶಾಂತಿ ಬರಲಿಲ್ಲ. ಎರಡೂ ಒಂದೇ ಎಂದು ಕೈತೊಳೆದುಕೊಳ್ಳುವವರೂ ಇದ್ದಾರೆ, ಮೊದಲನೆಯದರ ಉಳಿಕೆ ಕೆಲಸವೇ ಎರಡನೆಯದು ಎನ್ನುವವರೂ ಇದ್ದಾರೆ. ನಾನು ಇಬ್ಬರನ್ನೂ ಒಪ್ಪುವುದಿಲ್ಲ. ಎರಡೂ ಬೇರೆ ಬೇರೆ ಯುದ್ಧಗಳು, ಬೇರೆ ಬೇರೆಯಾಗಿಯೇ ಅಳೆಯಬೇಕು. ಇಷ್ಟನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ.

ಚಿತ್ರಗಳ ವಿಷಯದಲ್ಲಿ ಮಾತ್ರ ನನ್ನ ಬಾಯಿ ಅಷ್ಟು ಬೇಗ ತೆರೆಯುವುದಿಲ್ಲ. ಈ ಎರಡು ಯುದ್ಧಗಳನ್ನು ಒಮ್ಮೆ ಅದಲುಬದಲು ಮಾಡಿ ಅಚ್ಚು ಹಾಕಿಸಿದವನು ನಾನು.

2003ರ ಆ ವಾರಗಳಲ್ಲಿ ಕುವೈತಿನ ಉತ್ತರ ಭಾಗವೆಲ್ಲ ಸೇನೆಯ ಕೈಯಲ್ಲಿತ್ತು. ನಗರದಲ್ಲಿ ಸೈರನ್ ಕೂಗಿದಾಗ ಜನ ಕಿಟಕಿಯಿಲ್ಲದ ಕೋಣೆಗೆ ಓಡುತ್ತಿದ್ದರು. ಕಿಟಕಿಗಳ ಸಂದಿಗೆ ಅಗಲದ ಕಂದು ಟೇಪು ಅಂಟಿಸಿ, ವಿಷಗಾಳಿ ಬಂದರೆ ಇದೇ ತಡೆಯುತ್ತದೆ ಎಂದು ನಾವೆಲ್ಲ ನಂಬಿದ್ದೆವು. ನಾನೂ ಅಂಟಿಸಿದ್ದೆ, ಅದೂ ಸ್ಕೇಲಿಟ್ಟು ನೇರವಾಗಿ. ಅಂಟಿಸಿ ಮುಗಿಸಿದ ಮೇಲೆ ಬಚ್ಚಲುಮನೆಯ ಗಾಳಿಕಿಂಡಿ ತೆರೆದೇ ಇರುವುದನ್ನು ನನ್ನ ಹೆಂಡತಿ ತೋರಿಸಿದಳು.

ಡೆಸ್ಕಿನಲ್ಲಿ ಚಿತ್ರಗಳ ರಾಶಿ. ಏಜೆನ್ಸಿಗಳಿಂದ ಬಂದವು ಒಂದು ಕಡೆ, ನಮ್ಮದೇ ಸಂಗ್ರಹದಿಂದ ತೆಗೆದವು ಇನ್ನೊಂದು ಕಡೆ. ದಕ್ಷಿಣ ಇರಾಕಿನಲ್ಲಿ ಕೆಲವು ಎಣ್ಣೆ ಬಾವಿಗಳಿಗೆ ಬೆಂಕಿ ಇಟ್ಟಿದ್ದಾರೆ ಎಂಬ ಸುದ್ದಿ ಬಂದ ದಿನ ನನ್ನ ಕೈಗೆ ಒಂದು ಒಳ್ಳೆಯ ಚಿತ್ರ ಸಿಕ್ಕಿತು. ಹಿಂದೆ ಬೆಂಕಿಯ ಕಂಬ, ಮುಂದೆ ಒಬ್ಬ ಮನುಷ್ಯ. ಮೈಕೈಯೆಲ್ಲ ಮಸಿ, ಕಣ್ಣು ಹಲ್ಲು ಮಾತ್ರ ಬಿಳಿ. ಬಟ್ಟೆ ಮುಚ್ಚಿದ ಅಲ್ಯುಮಿನಿಯಂ ತಟ್ಟೆಯೊಂದನ್ನು ಸೊಂಟಕ್ಕೆ ಒತ್ತಿ ಹಿಡಿದು ನಡೆಯುತ್ತಿದ್ದಾನೆ. ಅದು ಯಾವ ರಾಶಿಯಿಂದ ಬಂತು ಎಂದು ನಾನು ನೋಡಬೇಕಿತ್ತು. ಹಿಂಬದಿ ತಿರುಗಿಸಿದ್ದರೆ ಇಸವಿಯ ಮುದ್ರೆ ಇತ್ತು, 'ಸಂಗ್ರಹ ಚಿತ್ರ' ಎಂಬ ಎರಡು ಪದ ಸೇರಿಸಿದರೆ ಸಾಕಿತ್ತು. ನಾನು ತಿರುಗಿಸಲಿಲ್ಲ. ದಕ್ಷಿಣ ಇರಾಕ್, ಉರಿಯುವ ಬಾವಿಯ ಬಳಿ ಕಾರ್ಮಿಕ, ಎಂದು ಅಡಿಬರಹ ಕೊಟ್ಟೆ. ಕುವೈತಿಗೆ ನಾನು ಬಂದದ್ದೇ 1996ರಲ್ಲಿ. ಮೊದಲ ಯುದ್ಧ ನನಗೆ ಕಾಗದದಲ್ಲಿ ಓದಿದ್ದು ಮಾತ್ರ.

ಆ ಮನುಷ್ಯ ನಮ್ಮ ಕಚೇರಿಯ ಕೆಳಗಿನ ಕೆಫೆಟೇರಿಯಾದ ಹಮೀದಾಕ. ದಿನಕ್ಕೆ ನಾಲ್ಕು ಸಲ ಅವರ ಕೈಯಿಂದಲೇ ಚಹಾ ಕುಡಿಯುತ್ತಿದ್ದ ನಾನು ಅವರದೇ ಚಿತ್ರಕ್ಕೆ ಅಡಿಬರಹ ಬರೆದಿದ್ದೆ, ಗುರುತು ಹಿಡಿದಿರಲಿಲ್ಲ.

ಹಮೀದಾಕ ಉಳ್ಳಾಲದ ಕಡೆಯವರು, ಬ್ಯಾರಿ ಮಾತಿನವರು. ಹೆಸರು ಹಮೀದ್, ಹಿರಿಯರಾದ್ದರಿಂದ ಎಲ್ಲರ ಬಾಯಲ್ಲಿ ಹಮೀದಾಕ. ನನ್ನನ್ನು ಅವರು ಕರೆಯುತ್ತಿದ್ದದ್ದು ಪೊರ್ಬುಗಳೇ ಎಂದು. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ, ಸ್ವಲ್ಪ ತಮಾಷೆಯನ್ನೂ ಸೇರಿಸಿ ಕರೆಯುವುದು ಹಾಗೆ. ಎಂಬತ್ತರ ದಶಕದಲ್ಲೇ ಬಂದು ಇಲ್ಲಿಯ ಒಂದು ಹೋಟೆಲಿನಲ್ಲಿ ಅಡುಗೆಗೆ ನಿಂತವರು. 1990ರ ಆಗಸ್ಟಿನಲ್ಲಿ ಇರಾಕಿನ ಸೇನೆ ನುಗ್ಗಿದಾಗ ಎಲ್ಲರಂತೆ ಬಸ್ಸು ಹತ್ತಿ, ಬಾಗ್ದಾದ್ ದಾಟಿ, ಜೋರ್ಡಾನ್ ಗಡಿಯ ಮರಳಿನಲ್ಲಿ ಡೇರೆಯೊಳಗೆ ಬಿದ್ದುಕೊಂಡು, ಕೊನೆಗೆ ವಿಮಾನ ಸಿಕ್ಕಿ ಬೊಂಬಾಯಿಗೆ ಬಂದವರು. ಅಷ್ಟು ವಾರ ಊರಿಗೆ ಅವರ ಸುದ್ದಿಯೇ ಇರಲಿಲ್ಲ. ಮನೆಯಲ್ಲಿ ಹೆಂಡತಿ ನೆಬಿಸ, ಆರು ವರ್ಷದ ಹೆಣ್ಣು ಮಗು. ಅವರು ಮನೆ ತಲುಪಿದ ದಿನ ನೆಬಿಸ ಅಳಲಿಲ್ಲವಂತೆ. ಮಗುವನ್ನು ಮುಂದೆ ನಿಲ್ಲಿಸಿ, ಆ ದೇಶದಲ್ಲಿ ಎಲ್ಲ ತಣ್ಣಗಾಗುವವರೆಗೆ ಅಲ್ಲಿಗೆ ಕಾಲಿಡುವುದಿಲ್ಲ ಎಂದು ಇದರ ತಲೆಯ ಮೇಲೆ ಕೈಯಿಟ್ಟು ಹೇಳಿ ಎಂದಳಂತೆ. ಇವರು ಕೈಯಿಟ್ಟು ಹೇಳಿದರು.

ಚಿತ್ರ ಅಚ್ಚಾದದ್ದು ಮಂಗಳವಾರ. ಬುಧವಾರ ಮಧ್ಯಾಹ್ನ ಹಮೀದಾಕ ಪತ್ರಿಕೆ ಮಡಚಿ ಹಿಡಿದುಕೊಂಡು ನಮ್ಮ ಡೆಸ್ಕಿಗೆ ಹತ್ತಿ ಬಂದರು. ಚಹಾ ತಂದಿರಲಿಲ್ಲ.

"ಪೊರ್ಬುಗಳೇ, ನಾನು ಇರಾಕಿಗೆ ಹೋಗಿಲ್ಲ. ನೀವು ಕಳಿಸಿದ್ದೀರಿ" ಎಂದರು.

ಕೂರಿಸಿ ಕೇಳಿದೆ. ನೆಬಿಸನ ತಮ್ಮ ಮಂಗಳೂರಿನ ಸೈಬರ್ ಕೆಫೆಯಲ್ಲಿ ನಮ್ಮ ಪತ್ರಿಕೆಯನ್ನು ದಿನಾ ತೆರೆದು ನೋಡುವವನು, ಭಾವ ಯುದ್ಧದ ಹತ್ತಿರ ಇದ್ದಾರಲ್ಲ ಎಂದು. ತಟ್ಟೆ ಹಿಡಿದ ರೀತಿಯಿಂದಲೇ ಗುರುತು ಹಿಡಿದು, ಪುಟ ಅಚ್ಚು ಹಾಕಿಸಿ ಅಕ್ಕನಿಗೆ ಒಯ್ದು ಕೊಟ್ಟಿದ್ದ. ನೆಬಿಸ ಮಂಗಳವಾರವೇ ಕೆಫೆಟೇರಿಯಾಕ್ಕೆ ಫೋನ್ ಮಾಡಿದ್ದಳು. ಬೈಯಲಿಲ್ಲ. ಈ ಚಿತ್ರ ಎಲ್ಲಿಯದು, ಯಾವಾಗಿನದು, ನನಗೆ ಗೊತ್ತಾಗಬೇಕು, ಶುಕ್ರವಾರ ಮತ್ತೆ ಮಾಡುತ್ತೇನೆ, ಆಗ ಹೇಳಿ ಎಂದಷ್ಟೇ ಹೇಳಿ ಇಟ್ಟಿದ್ದಳು.

ನಾನು ಎದ್ದು ಹೋಗಿ ಚಿತ್ರದ ಪ್ರತಿ ಹುಡುಕಿ ತಿರುಗಿಸಿದೆ. 1991, ಕುವೈತ್, ದಕ್ಷಿಣದ ಎಣ್ಣೆ ಬಯಲು. ನನ್ನ ಕಿವಿ ಬಿಸಿಯಾಯಿತು. ಆದರೂ ಸಮಾಧಾನ ಒಂದಿತ್ತು. ಚೌಕ ಇದೆ, ನಿಯಮ ಇದೆ, ನಾಳೆಯೇ ಸರಿಮಾಡಬಹುದು. ನಾಳೆ ಅಚ್ಚು ಹಾಕಿಸುತ್ತೇನೆ ಹಮೀದಾಕ, ಇದು 1991ರ ಚಿತ್ರ ಎಂದು ಬರೆದರೆ ಮುಗಿಯಿತು, ನೀವು ಇರಾಕಿಗೆ ಹೋಗಿಲ್ಲ ಎಂದು ಮನೆಯವರಿಗೂ ಗೊತ್ತಾಗುತ್ತದೆ ಎಂದೆ.

ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. "ಇಸವಿ ಹಾಕಬೇಡಿ" ಎಂದರು.

ಆಗ ಹೊರಗೆ ಬಂತು. 1991ರಲ್ಲಿ ಅವರು ಬಹ್ರೇನಿಗೆ ಎಂದು ಹೇಳಿ ಮನೆ ಬಿಟ್ಟಿದ್ದರು. ಸುಳ್ಳಲ್ಲ, ಹನ್ನೊಂದು ದಿನ ಬಹ್ರೇನಿನಲ್ಲೇ ಇದ್ದರು. ಅಲ್ಲಿ ಒಂದು ಕೇಟರಿಂಗ್ ಕಂಪನಿ ಅಡುಗೆಯವರನ್ನು ಹುಡುಕುತ್ತಿತ್ತು, ಕುವೈತಿನಲ್ಲಿ ಬೆಂಕಿ ಆರಿಸುವವರಿಗೆ ಊಟ ಹಾಕಲು. ಗೊತ್ತಿರುವ ಊರು, ಗೊತ್ತಿರುವ ಕೆಲಸ. ಹೋದರು. ಕೊನೆಯ ಬೆಂಕಿ ಆರುವವರೆಗೂ ಇದ್ದರು. ಮನೆಗೆ ಮಾತ್ರ ಬಹ್ರೇನ್ ಎಂದೇ ಹೇಳುತ್ತ ಬಂದರು. ಮರುವರ್ಷ ಎಲ್ಲ ತಣ್ಣಗಾದ ಮೇಲೆ ನೆಬಿಸನ ಒಪ್ಪಿಗೆ ಪಡೆದು, ಹೊಸದಾಗಿ ಹೋಗುವವರಂತೆ ಕುವೈತಿಗೆ ಬಂದರು.

"ಮಗಳ ತಲೆ ಮೇಲೆ ಕೈಯಿಟ್ಟದ್ದು ಪೊರ್ಬುಗಳೇ" ಎಂದರು ತಗ್ಗಿದ ದನಿಯಲ್ಲಿ. "ಅವಳಿಗೆ ಈಗ ಮದುವೆ ಮಾತುಕತೆ ನಡೀತಾ ಉಂಟು."

ಹಾಗಾದರೆ ಏನು ಬರೆಯಬೇಕು ಎಂದು ಕೇಳಿದೆ. ಚಿತ್ರ ಇರಾಕಿನದ್ದಲ್ಲ ಎಂದಷ್ಟೇ ಬರೆಯಿರಿ ಎಂದರು. ಅಷ್ಟಕ್ಕೇ ನಿಲ್ಲಿಸಿದರೆ ಅದು ತಿದ್ದುಪಡಿ ಆಗುವುದಿಲ್ಲ, ಅಲ್ಲದ್ದನ್ನು ಹೇಳಿದರೆ ಇರುವುದನ್ನೂ ಹೇಳಬೇಕು ಎಂದು ನಾನು ವಿವರಿಸಿದೆ. ಅವರು ತಲೆಯಾಡಿಸಿದರು. ಮತ್ತೆ ಒಂದೇ ಮಾತು ಕೇಳಿದರು: "ಶನಿವಾರ ಹಾಕಿ. ಶುಕ್ರವಾರ ಅವಳು ಫೋನ್ ಮಾಡ್ತಾಳೆ. ಮೊದಲು ನಾನೇ ಹೇಳ್ತೇನೆ."

ನಿಜ ಹೇಳುತ್ತೇನೆ, ನಾನು ನಂಬಲಿಲ್ಲ. ಹನ್ನೆರಡು ವರ್ಷ ಮುಚ್ಚಿಟ್ಟವರು ಎರಡು ದಿನದಲ್ಲಿ ಬಾಯಿ ಬಿಡುತ್ತಾರೆಯೇ? ಆ ಎರಡು ದಿನ ಇನ್ನೊಂದು ಕಥೆ ಕಟ್ಟಲು ಬೇಕಾಗಿರುವುದು ಎಂದುಕೊಂಡೆ. ಯುದ್ಧದ ವಾರ ಬೇರೆ. ಎಲ್ಲ ಕಡೆಯಿಂದ ಹುಸಿ ಸುದ್ದಿಗಳು ಬರುತ್ತಿದ್ದವು. ಅವುಗಳ ನಡುವೆ ನಮ್ಮ ಪತ್ರಿಕೆಯದೇ ತಪ್ಪೊಂದನ್ನು ಗೊತ್ತಿದ್ದೂ ಎರಡು ದಿನ ನಿಲ್ಲಲು ಬಿಡುವುದು ನನ್ನಿಂದ ಆಗುವ ಕೆಲಸವಲ್ಲ. ನಿಯಮ ಹೇಳಿದೆ. ಹಮೀದಾಕ ವಾದಿಸಲಿಲ್ಲ. ನಿಮ್ಮ ನಿಯಮ ನಿಮಗೆ ಎಂದು ಹೇಳಿ ಮೆಟ್ಟಿಲು ಇಳಿದರು.

ಗುರುವಾರದ ಸಂಚಿಕೆಯಲ್ಲಿ ಎರಡು ಸಾಲು ಬಂತು. ಮಂಗಳವಾರ ಪ್ರಕಟವಾದ ಉರಿಯುವ ಬಾವಿಯ ಚಿತ್ರ 1991ರಲ್ಲಿ ಕುವೈತಿನಲ್ಲಿ ತೆಗೆದದ್ದು, ದಕ್ಷಿಣ ಇರಾಕಿನದ್ದಲ್ಲ, ತಪ್ಪಿಗೆ ವಿಷಾದಿಸುತ್ತೇವೆ. ಹೆಸರು ಹಾಕಿರಲಿಲ್ಲ. ಹೆಸರು ಬೇಕಾದವರಿಗೆ ಗೊತ್ತೇ ಇತ್ತು.

ಶುಕ್ರವಾರ ನೆಬಿಸ ಫೋನ್ ಮಾಡಲಿಲ್ಲ. ಆ ತಿಂಗಳೂ ಮಾಡಲಿಲ್ಲ. ಇವರು ಮಾಡಿದರೆ ಮಗಳ ಕೈಗೆ ಕೊಟ್ಟು ಎದ್ದು ಹೋಗುತ್ತಿದ್ದಳಂತೆ. ಆರು ತಿಂಗಳ ಮೇಲೆ ಹಮೀದಾಕ ರಜೆ ಹಾಕಿ ಊರಿಗೆ ಹೋದರು. ಹೋಗುವವರೆಗೂ ನನಗೆ ಚಹಾ ಬರುತ್ತಿತ್ತು, ಸಕ್ಕರೆಯೂ ಸರಿಯಾಗಿ ಇರುತ್ತಿತ್ತು. ಆದರೆ ಪೊರ್ಬುಗಳೇ ಎಂಬ ಕರೆ ನಿಂತು 'ಸಾರ್' ಶುರುವಾಯಿತು. ಕನ್ನಡದಲ್ಲಿ ಒಬ್ಬ ಮನುಷ್ಯನನ್ನು ದೂರ ನಿಲ್ಲಿಸಲು ಅದಕ್ಕಿಂತ ಮರ್ಯಾದೆಯ ಪದ ಇನ್ನೊಂದಿಲ್ಲ. ಊರಿನಿಂದ ಮರಳಿದ ಮೇಲೆ ಹಳೆಯ ಕರೆ ಮೆಲ್ಲನೆ ಹಿಂದೆ ಬಂತು. ಅಲ್ಲಿ ಏನಾಯಿತು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮಗಳ ಮದುವೆ ಆಯಿತು, ಸಿಹಿ ತಂದುಕೊಟ್ಟರು. ಗಂಡಹೆಂಡಿರ ನಡುವೆ ಎಲ್ಲ ಸರಿಹೋಯಿತು, ನಾನು ಮಾಡಿದ್ದೂ ಸರಿಯೇ ಎಂದು ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನೆಮ್ಮದಿಯಾಗಿ ನಂಬಿಕೊಂಡು ಬಂದೆ.

ಹೊಸದಾಗಿ ಡೆಸ್ಕಿಗೆ ಬಂದವರಿಗೆ ಈ ಕಥೆಯನ್ನು ಪಾಠವಾಗಿ ಹೇಳಿದ್ದೂ ಉಂಟು. ಹೆಸರು ಮರೆಸಿ, ನನ್ನ ತಪ್ಪನ್ನು ಒಪ್ಪಿಕೊಂಡೇ ಹೇಳುತ್ತಿದ್ದೆ. ಹಾಗೆ ಹೇಳುವಾಗ ನನ್ನ ಧ್ವನಿಯಲ್ಲಿ ಸ್ವಲ್ಪ ಠೀವಿ ಇರುತ್ತಿತ್ತು. ತಪ್ಪು ಒಪ್ಪಿಕೊಳ್ಳುವವನ ಠೀವಿ ತಪ್ಪು ಮಾಡದವನ ಠೀವಿಗಿಂತ ಒಂದು ತೂಕ ಹೆಚ್ಚೇ ಇರುತ್ತದೆ.

ಮಗಳ ಪ್ರಶ್ನೆಗೆ ನಾಳೆ ಹೇಳುತ್ತೇನೆ ಎಂದವನಿಗೆ ಹಮೀದಾಕನ ನೆನಪಾದದ್ದು ಸಹಜ. ಅವರ ನೆನಪು ಬರಲು ಇನ್ನೊಂದು ಕಾರಣವೂ ಇತ್ತು. ಅವರು ಇಕಾಮಾ, ಅಂದರೆ ಇಲ್ಲಿಯ ವಾಸದ ಪರವಾನಗಿ, ನವೀಕರಿಸದೆ ಈ ತಿಂಗಳ ಕೊನೆಗೆ ಖಾಯಂ ಊರಿಗೆ ಹೊರಟಿದ್ದಾರೆ. ಕೆಫೆಟೇರಿಯಾ ಈಗ ಅಳಿಯನ ಕೈಯಲ್ಲಿದೆ. ಸಾಮಾನು ಕಟ್ಟಿಸಲು ನೆಬಿಸ ವಿಸಿಟ್ ವೀಸಾದಲ್ಲಿ ಬಂದಿದ್ದಾರೆ ಎಂದು ಕೇಳಿದ್ದೆ. ಗಂಡ ನಾಲ್ಕು ದಶಕ ದುಡಿದ ದೇಶವನ್ನು ಆಕೆ ನೋಡುವುದು ಇದೇ ಮೊದಲು. ಶುಕ್ರವಾರ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ, ಚಿತ್ರದ ಉತ್ತರ ಅವರ ಬಾಯಿಂದಲೇ ಕೇಳೋಣ ಎಂದು ಮಗಳನ್ನು ಕರೆದುಕೊಂಡು ಫರ್ವಾನಿಯಾದ ಅವರ ಫ್ಲ್ಯಾಟಿಗೆ ಹೋದೆ.

ಬಾಗಿಲು ತೆರೆದದ್ದು ಹಮೀದಾಕ. ಗಡ್ಡ ಪೂರ್ತಿ ಬೆಳ್ಳಗಾಗಿದೆ, ನಗು ಅದೇ. ಒಳಗೆ ಅರ್ಧ ಕಟ್ಟಿದ ಪೆಟ್ಟಿಗೆಗಳ ನಡುವೆ ನೆಬಿಸಕ್ಕ ಕಂಬಳಿ ಮಡಚುತ್ತಿದ್ದರು. ಇವರೇ ಪತ್ರಿಕೆಯ ಪೊರ್ಬುಗಳು ಎಂದು ಹಮೀದಾಕ ಪರಿಚಯಿಸಿದರು.

"ಆ ಎರಡು ಸಾಲಿನವರಾ?" ಎಂದರು ಆಕೆ, ಕೈ ನಿಲ್ಲಿಸದೆ.

ಚಹಾ ಬಂತು, ಜೊತೆಗೆ ಅಕ್ಕಿ ರೊಟ್ಟಿಯಂಥ ಬಿಸಿ ಪತ್ತಿರ್, ಕೋಳಿ ಸಾರು. ಉಪಚಾರಕ್ಕೆ ಕೊರತೆಯಿರಲಿಲ್ಲ. ನನಗೆ ಮಾತ್ರ ಆ ಎರಡು ಸಾಲಿನ ಮಾತನ್ನು ಅಲ್ಲಿಗೇ ಬಿಡಲು ಆಗಲಿಲ್ಲ. ತಪ್ಪು ನನ್ನದೇ ನೆಬಿಸಕ್ಕ, ಆದರೆ ಮರುದಿನ ಹಾಕಿದ್ದು ಸರಿಯಾದ ವಿಷಯವೇ ಎಂದು ಹೇಳಿದೆ.

"ಸರಿಯಾದದ್ದೇ" ಎಂದರು. "ಯಾರು ತಪ್ಪು ಅಂದದ್ದು? ನನಗೆ ಮೊದಲೇ ಗೊತ್ತಿದ್ದದ್ದೇ ಅದು."

ನಾನು ಹಮೀದಾಕನ ಮುಖ ನೋಡಿದೆ. ಅವರು ಚಹಾದ ಲೋಟ ನೋಡುತ್ತಿದ್ದರು.

ನಿಮ್ಮಲ್ಲಿ ಕಿರಿಯರಿಗೆ ಒಂದು ವಿಷಯ ಹೇಳಬೇಕು. ಆಗಿನ ಕಾಲದಲ್ಲಿ ಗಲ್ಫಿನವರು ಊರಿಗೆ ಕಾಗದ ಬರೆಯುತ್ತಿದ್ದದ್ದು ಕಡಿಮೆ. ಟೇಪ್ ರೆಕಾರ್ಡರಿನ ಮುಂದೆ ಕುಳಿತು ಕ್ಯಾಸೆಟ್ಟಿನ ಎರಡೂ ಬದಿ ತುಂಬುವಷ್ಟು ಮಾತಾಡಿ, ಊರಿಗೆ ಹೋಗುವ ಯಾರದಾದರೂ ಕೈಯಲ್ಲಿ ಕಳಿಸುತ್ತಿದ್ದರು. ಮನೆಯಲ್ಲಿ ಎಲ್ಲರೂ ಸುತ್ತ ಕುಳಿತು ಕೇಳುತ್ತಿದ್ದರು. ಆಮೇಲೆ ಹೆಂಡತಿ ಒಬ್ಬಳೇ ಕುಳಿತು ಇನ್ನೊಮ್ಮೆ ಕೇಳುತ್ತಿದ್ದಳು. 1991ರಲ್ಲಿ 'ಬಹ್ರೇನಿನಿಂದ' ಹಾಗೆ ಮೂರು ಕ್ಯಾಸೆಟ್ ಬಂದಿದ್ದವು. ಮಾತಿನ ಹಿಂದೆ ಒಂದು ಮೊರೆತ. ಅದು ಕಡಲು, ನನ್ನ ರೂಮು ಕಡಲ ಬದಿಗೇ ಉಂಟು ಎಂದು ಹಮೀದಾಕ ಕ್ಯಾಸೆಟ್ಟಿನಲ್ಲೇ ಹೇಳಿದ್ದರು.

"ನಾನು ಹುಟ್ಟಿದ್ದೇ ಕಡಲ ಕರೆಯಲ್ಲಿ" ಎಂದರು ನೆಬಿಸಕ್ಕ. "ಕಡಲು ಬರ್ತದೆ, ಹೋಗ್ತದೆ. ನಡುವೆ ಒಮ್ಮೆ ಉಸಿರು ತೆಗೀತದೆ. ಅದು ತೆಗೀಲೇ ಇಲ್ಲ, ಎರಡೂ ಬದಿ ಮುಗಿಯುವವರೆಗೆ. ಆಗ ರೇಡಿಯೋದಲ್ಲಿ ದಿನಾ ಕುವೈತಿನ ಬೆಂಕಿಯದ್ದೇ ಸುದ್ದಿ. ನಾನು ಲೆಕ್ಕ ಹಾಕಿದೆ."

ಹಾಗಾದರೆ ಆರು ತಿಂಗಳು ಯಾಕೆ ಮಾತಾಡಲಿಲ್ಲ ಎಂದು ನಾನು ಕೇಳಿದೆ. ಕೇಳಬಾರದಿತ್ತು, ಆದರೆ ಕೇಳದೆ ಬಿಡುವ ಅಭ್ಯಾಸ ನನ್ನ ಕೆಲಸದಲ್ಲಿ ಇಲ್ಲ.

ಆಕೆ ಕಂಬಳಿಯನ್ನು ಪೆಟ್ಟಿಗೆಯ ಮೇಲಿಟ್ಟು ನನ್ನ ಕಡೆ ತಿರುಗಿದರು. "ಹನ್ನೆರಡು ವರ್ಷ ಕಾದದ್ದು ಇವರ ಬಾಯಿಂದ ಕೇಳಲಿಕ್ಕೆ. ಚಿತ್ರ ಬಂದ ಮೇಲೆ ಇನ್ನು ಹೇಳ್ತಾರೆ ಅಂತ ಎರಡು ದಿನ ಕೊಟ್ಟೆ. ಶುಕ್ರವಾರ ಹೇಳ್ತಿದ್ದರು. ಗುರುವಾರ ನೀವು ಹೇಳಿಬಿಟ್ಟಿರಿ. ಮತ್ತೆ ಫೋನ್ ಮಾಡಿ ನಾನು ಎಂತ ಕೇಳುವುದು?"

"ಹೇಳ್ತಿದ್ದೆ" ಎಂದರು ಹಮೀದಾಕ. "ಎರಡು ದಿನ ಅದನ್ನೇ ಬಾಯಿಪಾಠ ಮಾಡಿದ್ದೆ. ಅಚ್ಚಾದ ಮೇಲೆ ಹೇಳಿದರೆ, ಸಿಕ್ಕಿಬಿದ್ದ ಮೇಲೆ ಹೇಳಿದ ಹಾಗೆ."

ಹೇಳದೇ ಹೋಗಿದ್ದರೆ, ಎಂದು ನಾನು ಮೆಲ್ಲಗೆ ಕೇಳಿದೆ. ನನ್ನ ಕೊನೆಯ ನೆಲೆ ಅದು.

"ಹೇಳದಿದ್ದರೆ ಅದು ನಾನೂ ಇವರೂ ನೋಡಿಕೊಳ್ಳುವುದು" ಎಂದರು ನೆಬಿಸಕ್ಕ. "ನಿಮ್ಮ ಪೇಪರಿಗೆ ಅಲ್ಲಿ ಎಂತ ಕೆಲಸ?"

ಆ ರಜೆಯಲ್ಲಿ ಊರಿನಲ್ಲಿ ನಡೆದದ್ದು ಆಮೇಲೆ ಗೊತ್ತಾಯಿತು. ಆಕೆ ಗಂಡನನ್ನು ಕೂರಿಸಿಕೊಂಡು 1991ರ ಒಂದೊಂದು ದಿನವನ್ನೂ ಹೇಳಿಸಿದ್ದರು. ಯಾವ ದಿನ ಏನು ಅಡುಗೆ, ಎಷ್ಟು ಜನ ಉಂಡರು, ಮಸಿ ಬಿದ್ದ ರೊಟ್ಟಿಯನ್ನು ಏನು ಮಾಡಿದಿರಿ, ಹೆದರಿಕೆ ಆಗಲಿಲ್ಲವೇ. ಮೂರು ದಿನ ಹಿಡಿಯಿತಂತೆ. ಮೊದಲೇ ಗೊತ್ತಿದ್ದ ವಿಷಯವನ್ನು ಮೂರು ದಿನ ಕೇಳಿದ ಮೇಲೆಯೇ ಆಕೆಗೆ ಸಮಾಧಾನವಾಯಿತು.

ನಾನು ಕುಳಿತಲ್ಲೇ ನನ್ನ ದೊಡ್ಡ ಯುದ್ಧಗಳನ್ನು ನೆನೆದೆ. ಎರಡನೇ ಯುದ್ಧದ ಕಾರಣ ಸುಳ್ಳಾದದ್ದನ್ನು ತನಿಖೆಯವರು, ವರದಿಗಾರರು ಒಂದೊಂದಾಗಿ ಬಿಚ್ಚಿದರು. ಯುದ್ಧಕ್ಕೆ ಹೋದವರು ತಾವಾಗಿ ಬಂದು ಹೇಳಲಿಲ್ಲ. ಆದ್ದರಿಂದಲೇ ಆ ವಿಷಯ ಇನ್ನೂ ಮುಗಿದಿಲ್ಲ ಎಂದು ನನಗೆ ಅನಿಸುತ್ತದೆ. ದೇಶಗಳ ವಿಷಯದಲ್ಲಿ ಕಾಯುತ್ತ ಕೂರಲು ಆಗುವುದಿಲ್ಲ, ನಮ್ಮಂಥವರು ಹೇಳಲೇಬೇಕು, ಮರುದಿನವೇ ಹೇಳಬೇಕು. ಆ ನಿಯಮದಲ್ಲಿ ನನಗೆ ಇವತ್ತೂ ಸಂಶಯವಿಲ್ಲ. ಆದರೆ ಒಬ್ಬ ಅಡುಗೆಯವನನ್ನು ನಾನು ದೇಶದ ಹಾಗೆ ನಡೆಸಿಕೊಂಡಿದ್ದೆ. ಅವರು ಕೇಳಿದ್ದು ಸುಳ್ಳನ್ನಲ್ಲ, ಎರಡು ದಿನವನ್ನು. ನಾನು ಅವರ ಮಾತನ್ನು ನಂಬಲಿಲ್ಲ, ಅದನ್ನು ನಿಯಮ ಎಂದು ಕರೆದೆ.

ತಪ್ಪಾಯಿತು ಎಂದು ಇಬ್ಬರಿಗೂ ಹೇಳಿದೆ. ಹಮೀದಾಕ ಕೈ ಬೀಸಿ, ಖಲಾಸ್ ಪೊರ್ಬುಗಳೇ, ಪತ್ತಿರ್ ಆರ್ತದೆ, ತಿನ್ನಿ ಎಂದರು. ನೆಬಿಸಕ್ಕ ನನ್ನ ತಟ್ಟೆಗೆ ಇನ್ನೊಂದು ಪತ್ತಿರ್ ಹಾಕಿದರು.

ಇಷ್ಟು ಹೊತ್ತು ಪತ್ತಿರ್ ತಿನ್ನುತ್ತಿದ್ದ ಮಗಳು ಆಗ ಟ್ಯಾಬ್ಲೆಟ್ ಹಿಡಿದು ಹಮೀದಾಕನ ಪಕ್ಕಕ್ಕೆ ಸರಿದಳು. ಎರಡು ಚಿತ್ರ ತೋರಿಸಿ, ಅಂಕಲ್, ಇದರಲ್ಲಿ ನಿಮ್ಮದು ಯಾವುದು ಎಂದು ಕೇಳಿದಳು. ಕನ್ನಡದಲ್ಲಿ ಕೇಳಿದಳು.

ಅವರಿಗೆ ಒಂದು ನೋಟ ಸಾಕಾಯಿತು. "ಆಕಾಶ ನೋಡು ಮಗಾ" ಎಂದರು. "ಇದರಲ್ಲಿ ಬೆಂಕಿಯ ಹಿಂದೆ ನೀಲಿ ಕಾಣ್ತದೆ, ಇದು ಆಮೇಲಿನದ್ದು, ಆಗ ಉರಿದದ್ದು ಕೆಲವೇ ಬಾವಿ. ನಮ್ಮದರಲ್ಲಿ ಆಕಾಶವೇ ಇಲ್ಲ. ಹಗಲು ಹನ್ನೊಂದು ಗಂಟೆಗೆ ಕಾರಿಗೆ ಲೈಟು ಹಾಕಿ ಹೋಗುವುದು. ಎಲ್ಲ ಕಡೆ ಬಾವಿ ಉರೀತಿತ್ತು."

"ವಾಟ್ ವರ್ ಯೂ ಡೂಯಿಂಗ್ ದೇರ್, ಅಂಕಲ್?"

ಹಮೀದಾಕ ಒಮ್ಮೆ ಹೆಂಡತಿಯ ಕಡೆ ನೋಡಿದರು. ಆಮೇಲೆ ಕಾಲು ಮಡಚಿ ನೆಮ್ಮದಿಯಾಗಿ ಕುಳಿತು ಶುರುಮಾಡಿದರು. ಬಹ್ರೇನಿನ ಹನ್ನೊಂದು ದಿನ, ಕಂಪನಿಯ ಲಾರಿ, ಮೊಟ್ಟೆ ತುಂಬಿದ ಪೆಟ್ಟಿಗೆಗಳು. ಬೆಂಕಿ ಆರಿಸುವ ದೈತ್ಯರಂಥ ಜನ ಎಷ್ಟು ತೊಳೆದರೂ ಕಪ್ಪು ಕೈಯಲ್ಲೇ ಉಣ್ಣುತ್ತಿದ್ದದ್ದು. ಮಗಳು ಬಾಯಿ ತೆರೆದು ಕೇಳುತ್ತಿದ್ದಳು. ಕೇಳುತ್ತ ಕೇಳುತ್ತ ತಿದ್ದಲೆಂದು ನನ್ನ ಬೆರಳು ತಾನಾಗಿ ಆಡತೊಡಗಿತು. ಉರಿದ ಬಾವಿಗಳು ಎರಡು ಸಾವಿರ ಎಂದರು, ಅದು ಹೆಚ್ಚಾಯಿತು. ಬೆಂಕಿ ಎರಡು ವರ್ಷ ಉರಿಯಿತು ಎಂದರು, ಆ ವರ್ಷದ ನವೆಂಬರಿನಲ್ಲೇ ಆರಿತ್ತು. ನಾನು ಪತ್ತಿರ್ ಮುರಿದು ಬಾಯಿಗೆ ಹಾಕಿಕೊಂಡೆ.

ತಾನು ಬಯಲಿಗೆ ಮೊದಲು ಕಾಲಿಟ್ಟದ್ದು ಬಕ್ರೀದ್ ಆದ ಮೇಲೆ ಎಂದರು ಹಮೀದಾಕ.

"ಬಕ್ರೀದಿಗೆ ಮೊದಲು" ಎಂದರು ನೆಬಿಸಕ್ಕ ಪೆಟ್ಟಿಗೆಗಳ ಆ ಕಡೆಯಿಂದ. "ಹಬ್ಬದ ದಿನ ಅವರಿಗೆ ಬಿರಿಯಾನಿ ಮಾಡಿದ್ದಲ್ಲವಾ, ಉಪ್ಪು ಹೆಚ್ಚಾಯ್ತು ಅಂತ ಯಾರೂ ತಿನ್ನಲಿಲ್ಲ."

"ಹೌದು, ಮೊದಲು" ಎಂದು ಹಮೀದಾಕ ಒಪ್ಪಿಕೊಂಡು ಮುಂದುವರಿಸಿದರು.